ರೇಡಿಯೋದವರು ಬರೆದರೆ ಸಿನಿಮಾ ಆಗುತ್ತಾ?

ಎಫ್‌ಎಂನಲ್ಲಿ ಮಾತಾಡೋರೆಲ್ಲ ಒಂದಲ್ಲ ಒಂದು ದಿನ ಸಿನಿಮಾಗೆ ಹೋಗೇ ಹೋಗ್ತಾರೆ ಅನ್ನೋದು ಬೆಂಗಳೂರಲ್ಲಿ ಮಾಮೂಲಿ ಮಾತಾಗಿಬಿಟ್ಟಿದೆ. ಹೋದವರ ಬಗ್ಗೆ "ಬಾಯಿ ಜೋರು, ಅದಕ್ಕೇ ಚಾನ್ಸ್ ಸಿಕ್ತು" ಅಂತ ಷರಾ ಬೇರೆ. ನಾನಿದನ್ನ ಪೂರ್ತಿ ಒಪ್ಪೋದಿಲ್ಲ. ಮಾತಾಡೋಕೆ ಬರೋರು ಗಾಂಧಿನಗರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಊರಿನ ಮಾತನ್ನ ಕೇಳಿಸಿಕೊಂಡು ಬರೆಯೋರು ಕಮ್ಮಿ.

ದಾನಿಶ್ ಸೇಠ್ ಅವರನ್ನೇ ನೋಡಿ. ಫೀವರ್ 104ರಲ್ಲಿ ನೋಗ್‌ರಾಜ್ ಅನ್ನೋ ಪುಢಾರಿಯ ದನಿಯಲ್ಲಿ ಯಾರ್ಯಾರಿಗೋ ಫೋನ್ ಮಾಡಿ ತಲೆ ತಿಂತಿದ್ದರು. ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೋ ಮಾರತ್ತಹಳ್ಳಿ ಸೇತುವೆ ಹತ್ರಾನೋ ಗಾಡಿ ಅಲ್ಲಾಡದೆ ನಿಂತಾಗ ನಮಗೆ ಅದೇ ಆಸರೆ. ಖಾಸಗಿ ಎಫ್‌ಎಂನವರು ತಮ್ಮದೇ ಸುದ್ದಿ ಓದೋ ಹಾಗಿಲ್ಲ ಅನ್ನೋದು ನೆನಪಿರಲಿ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ನಮ್ಮೂರಲ್ಲೇ, ಆದ್ರೂ ವಾರ್ಡಿನ ರಾಜಕೀಯ ಅಲ್ಲಿಗೆ ಬರಬೇಕಂದ್ರೆ ವೇಷ ಹಾಕ್ಕೊಂಡೇ ಬರಬೇಕಿತ್ತು. ನೋಗ್‌ರಾಜ್ ಆ ವೇಷ ಅಂತ ನನ್ನ ಲೆಕ್ಕ.

2018ರ ಜನವರಿಯಲ್ಲಿ ಅದೇ ಪಾತ್ರ 'ಹಂಬಲ್ ಪೊಲಿಟಿಷಿಯನ್ ನೋಗ್‌ರಾಜ್' ಸಿನಿಮಾ ಆಯ್ತು. ನಿರ್ದೇಶನ ಸಾದ್ ಖಾನ್, ಬರವಣಿಗೆಯಲ್ಲಿ ದಾನಿಶ್ ಕೂಡ ಪಾಲುದಾರರು. ಎಂಎಲ್‌ಎ ಆಗಬೇಕು ಅಂತ ಒದ್ದಾಡೋ ಕಾರ್ಪೊರೇಟರ್ ಕಥೆ. ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದ್ರೆ ಅಲ್ಲಲ್ಲಿ ಎಳೀತಾ ಇದೆ ಅನ್ನಿಸ್ತು. ಫೋನಿನ ಆಟದಲ್ಲಿ ಅರ್ಧ ಸಂಭಾಷಣೆ ಬರೀತಿದ್ದಿದ್ದು ಆ ಕಡೆ ಇದ್ದ ಅಮಾಯಕ. ಅವನು ಯಾವಾಗ ಬೈತಾನೆ, ಯಾವಾಗ ಫೋನ್ ಕುಕ್ಕುತಾನೆ ಅಂತ ಕೇಳ್ತಾ ಕೂತ ನಮಗೆ ಒಂಥರಾ ಕುತೂಹಲ. ಸಿನಿಮಾದಲ್ಲಿ ಆ ಮನುಷ್ಯ ಇಲ್ಲ. ಅವನ ಜಾಗ ತುಂಬೋದು ಚಿತ್ರಕಥೆಯ ಕೆಲಸ, ಅದು ಬಹಳ ಕಷ್ಟದ ಕೆಲಸ. ಮೂರು ನಿಮಿಷ ಹಿಡಿದಿಡೋದು ಬೇರೆ, ಎರಡು ಗಂಟೆ ಹಿಡಿದಿಡೋದು ಬೇರೆ.

ನನಗೆ ಅವರು ಹೆಚ್ಚು ಇಷ್ಟವಾಗಿದ್ದು 2020ರ 'ಫ್ರೆಂಚ್ ಬಿರಿಯಾನಿ'ಯ ಆಟೋ ಡ್ರೈವರ್ ಅಸ್ಗರ್ ಆಗಿ. ಅದು ಅವಿನಾಶ್ ಬಳೆಕ್ಕಳ ಬರೆದಿದ್ದು, ಪನ್ನಗ ಭರಣ ನಿರ್ದೇಶಿಸಿದ್ದು. ಬೇರೆಯವರ ಬರವಣಿಗೆಗೆ ತಲೆಬಾಗಿದಾಗ ನಟ ಚೆನ್ನಾಗಿ ಕಾಣಿಸಿದರು. ಅದೇ ವರ್ಷ ಲಾಕ್‌ಡೌನಲ್ಲಿ ಮನೆಯಲ್ಲಿ ಕೂತು ಒಬ್ಬರೇ ನಾಲ್ಕೈದು ಜನರಾಗಿ ಮಾಡಿದ ಪುಟ್ಟ ವಿಡಿಯೋಗಳು ಮಾತ್ರ ಅಪ್ಪಟ ರೇಡಿಯೋ: ಕಣ್ಣು ಮುಚ್ಚಿಕೊಂಡರೂ ಯಾರು ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ!

ಎಫ್‌ಎಂನಿಂದ ಬಂದ ಮಯೂರ ರಾಘವೇಂದ್ರ 2019ರಲ್ಲಿ ನಿರ್ದೇಶಿಸಿದ ಚಿತ್ರದ ಹೆಸರು 'ಕನ್ನಡ್ ಗೊತ್ತಿಲ್ಲ'. ಹೆಸರಿಟ್ಟ ಕಿವಿಗೆ ಒಂದು ಸಲಾಂ. ವೈಟ್‌ಫೀಲ್ಡಿನಲ್ಲಿ ದಿನಕ್ಕೆ ಹತ್ತು ಸಲ ಕೇಳೋ ಮಾತು ಅದು, ಕೊನೆಯ ಅಕ್ಷರ ನುಂಗಿದ್ದೂ ಸೇರಿ. ಅಪರ್ಣಾ ಅವರದ್ದು ಉಲ್ಟಾ ದಾರಿ. ಪುಟ್ಟಣ್ಣನವರ 'ಮಸಣದ ಹೂವು' ಮೊದಲು, ಆಕಾಶವಾಣಿ ಆಮೇಲೆ, ಕೊನೆಗೆ ಮೆಟ್ರೋದ ದನಿ. 2024ರಲ್ಲಿ ಅವರು ತೀರಿಕೊಂಡರು.

ಈಗ ನನ್ನ ತಕರಾರು. ನೋಗ್‌ರಾಜನ ಹರುಕು ಇಂಗ್ಲಿಷಿಗೆ ನಕ್ಕವರು ಯಾರು? ಬಹುಪಾಲು ಎಲೆಕ್ಟ್ರಾನಿಕ್ ಸಿಟಿಯ ನಮ್ಮಂಥವರು, ಇಂಗ್ಲಿಷಿನಲ್ಲಿ ಸಂಬಳ ಎಣಿಸೋರು. ಅವನ ಭ್ರಷ್ಟತನಕ್ಕೆ ನಗಬೇಕಾದ ಕಡೆ ಅವನ ಗ್ರಾಮರ್‌ಗೆ ನಕ್ಕಿದ್ದೀವಿ. ಪೀಣ್ಯದಲ್ಲಿ ಲೇತ್ ಮುಂದೆ ನಿಂತವನೂ ಅದೇ ಇಂಗ್ಲಿಷ್ ಆಡ್ತಾನೆ. ಅವನಿಗೆ ಇದು ಅಷ್ಟೇ ನಗು ತರಿಸುತ್ತಾ? ಅನುಮಾನ. ಬರೆಯೋಕೆ ಕೂತ ರೇಡಿಯೋದವರು ಇದನ್ನ ಯೋಚಿಸಬೇಕು, ಯಾಕಂದ್ರೆ ಅವರ ದನಿ ಎರಡೂ ಕಡೆಗೆ ಏಕಕಾಲಕ್ಕೆ ತಲುಪುತ್ತೆ. ಕಾರಿನ ಸ್ಟೀರಿಯೋ ಆಗಲಿ ವರ್ಕ್‌ಶಾಪಿನ ಕಿಟಕಿ ಮೇಲಿನ ಸೆಟ್ ಆಗಲಿ, ಬರೋ ಸ್ಟೇಷನ್ ಒಂದೇ. ಮಲ್ಟಿಪ್ಲೆಕ್ಸ್‌ಗೆ ಆ ಯೋಗ ಇಲ್ಲ.

ರಾತ್ರಿ ಪಾಳಿ ಮುಗಿಸಿ ಜಾಲಹಳ್ಳಿ ಕ್ರಾಸಲ್ಲಿ ಟೀ ಕುಡೀತಾ ನಮ್ಮ ಆಂಗ್ಲ ಮಿಶ್ರಿತ ಕನ್ನಡಕ್ಕೆ ನಗೋ ಪಾತ್ರ ಒಂದನ್ನ ಯಾವ ಆರ್‌ಜೆಯಾದರೂ ಬರೆದಿದ್ದಾರಾ? ನಿಮಗೆ ಗೊತ್ತಿದ್ರೆ ಹೇಳಿ, ಈ ಶನಿವಾರವೇ ನೋಡ್ತೀನಿ.