ನದಿಗೆ ಮೀನುಮರಿ ಬಿಟ್ಟು ಪುಣ್ಯ ಕಟ್ಕೊಳ್ಳೋರಿಗೆ...

ಗಣ್ಯರೆಲ್ಲ ಸಾಲಾಗಿ ನಿಂತು ಬಕೆಟ್ ಬಗ್ಗಿಸಿ ನದಿಗೆ ಮೀನುಮರಿ ಸುರಿಯೋ ಫೋಟೋ ಬಂದ್ರೆ ಸಾಕು, ಎಲ್ರೂ ಆಹಾ ಓಹೋ ಅಂತಾರೆ. ನನ್ನದು ಒಂದೇ ಪ್ರಶ್ನೆ. ಈ ಮರಿಗಳ ಅಪ್ಪ ಅಮ್ಮ ಯಾವ ನದಿಯವರು ಸ್ವಾಮೀ?

ಇದೆಂಥಾ ತಲೆಹರಟೆ, ಮೀನು ಅಂದ್ರೆ ಮೀನು ಅಂತೀರಾ? ಹಾಗಾದ್ರೆ ನಮ್ಮ ಕಾವೇರಿ ಕಥೆ ಕೇಳಿ.

ಕಾವೇರಿ ಮತ್ತದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಒಂದು ಮಹಶೀರ್ ಇದೆ. ಬೆನ್ನ ಮೇಲೆ ಡುಬ್ಬ, ಕಿತ್ತಳೆ ಬಣ್ಣದ ಈಜುರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು (ಹುಲಿ ಚಿರತೆಗಳ ಚರ್ಮ ಹದ ಮಾಡಿ ಜೀವಂತ ಇದ್ದಹಾಗೆ ನಿಲ್ಲಿಸ್ತಿದ್ರಲ್ಲ, ಅವರೇ) ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದ್ರೆ 54 ಕೆಜಿ! ಇಷ್ಟು ಹೆಸರುವಾಸಿಯಾದ ಡುಬ್ಬದ ಮೀನಿಗೆ ವಿಜ್ಞಾನದ ಸರಿಯಾದ ಹೆಸರು ಸಿಕ್ಕಿದ್ದು ಯಾವಾಗ ಗೊತ್ತಾ? 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ (ಅದೂ ಕಾವೇರಿಗೇ ಸೇರೋದು) 2007ರಲ್ಲಿ ವರ್ಣಿಸಿದ್ದ 'ಟಾರ್ ರೆಮಾದೇವಿ'ಯೇ ಇದು ಅಂತ ಡಿಎನ್ಎ, ಮೈಕಟ್ಟು ಎಲ್ಲ ನೋಡಿ ಗುರುತಿಸಿದರು. ಅದೇ ವರ್ಷ ಐಯುಸಿಎನ್ ಇದನ್ನು ಅಳಿವಿನಂಚಿನ ಕಟ್ಟಕಡೆಯ ಪಟ್ಟಿಗೆ ಸೇರಿಸಿತು. ನಾಮಕರಣ, ಐಸಿಯು ಎರಡೂ ಒಟ್ಟಿಗೆ...

ಅಣೆಕಟ್ಟು, ಮರಳು ದಂಧೆ, ಡೈನಮೈಟು.. ಕಾರಣಗಳಿಗೇನು ಬರವಿಲ್ಲ. ಆದ್ರೆ ನನಗೆ ಹೊಟ್ಟೆ ಉರಿಯೋದು 'ಸಂರಕ್ಷಣೆ'ಯ ಹೆಸರಲ್ಲಿ ಆದದ್ದಕ್ಕೆ. ನೀಲಿ ರೆಕ್ಕೆಯ 'ಟಾರ್ ಖುದ್ರಿ' ಅಂತ ಇನ್ನೊಂದು ಮಹಶೀರ್ ಇದೆ. 1839ರಲ್ಲಿ ಸೈಕ್ಸ್ ಇದನ್ನು ಪುಣೆ ಹತ್ತಿರದ ಮುಳಾ-ಮುಠಾದಿಂದ ವರ್ಣಿಸಿದ್ದು. 1970ರ ದಶಕದಿಂದ ಲೋನಾವಾಲಾದ ಟಾಟಾ ಕೇಂದ್ರದಲ್ಲಿ ಇದರ ಮರಿ ಮಾಡಿ ದೇಶದ ಎಷ್ಟೋ ನದಿಗಳಿಗೆ ಹಂಚಿದರು. ಕಾವೇರಿಗೂ ಬಂತು. ಉದ್ದೇಶ ಒಳ್ಳೇದೇ, ಆಗ ವ್ಯತ್ಯಾಸ ಯಾರಿಗೆ ಗೊತ್ತಿತ್ತು?

ಆಮೇಲೇನಾಯ್ತು ನೋಡಿ. ಗಾಳಿಬೋರೆಯಲ್ಲಿ ಗಾಳ ಹಾಕಿ ಹಿಡಿದು ವಾಪಸ್ ಬಿಡ್ತಿದ್ದವರ 1998ರಿಂದ 2012ರವರೆಗಿನ ಲೆಕ್ಕ ಇದೆ. ಅದರ ಪ್ರಕಾರ ಸಿಗೋ ಮಹಶೀರ್‌ಗಳ ಸಂಖ್ಯೆ ಏರಿದೆ! ಏರಿದ್ದು ನೀಲಿ ರೆಕ್ಕೆಯದು, ಡುಬ್ಬದ್ದು ಅಪರೂಪವಾಗ್ತಾ ಹೋಯ್ತು. ಅದಕ್ಕೆ ಖುದ್ರಿಯೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಬರೀ ತಲೆ ಎಣಿಸಿದವನಿಗೆ ಮಹಶೀರ್ ಉದ್ಧಾರ ಆದಹಾಗೇ ಕಾಣೋದು. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಒಳಗೆ ಡೇಟಾ ಓವರ್‌ರೈಟ್ ಆಗ್ತಿದೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದೇನು ಹೊಸದಲ್ಲ ಬಿಡಿ :)

'ಸರಿ, ಹಾಗಾದ್ರೆ ಡುಬ್ಬದ ಮೀನನ್ನೇ ಮರಿ ಮಾಡಿ ಬಿಡೋಣ' ಅಂತೀರಾ? ಬಿಡಿ, ಬೇಡ ಅನ್ನಲ್ಲ. ಆದ್ರೆ ಒಂದೆರಡು ಜೊತೆ ಮೀನಿಂದ ಮೊಟ್ಟೆ ಹಿಂಡಿ ಸಾವಿರಾರು ಮರಿ ಮಾಡಿದ್ರೆ ಅವೆಲ್ಲ ಒಡಹುಟ್ಟಿದವೇ ಆಗ್ತವೆ. ಒಂದೇ ಫೈಲನ್ನು ಸಾವಿರ ಸಲ ಕಾಪಿ ಮಾಡಿ ಇಡೀ ಸರ್ವರ್‌ಗೆ ಬ್ಯಾಕಪ್ ಆಯ್ತು ಅಂದಹಾಗೆ. ಮುಂದಿನ ತಲೆಮಾರಲ್ಲಿ ಅವು ಅವುಗಳಲ್ಲೇ ಕೂಡಿದಾಗ ಅಡಗಿದ್ದ ಕೆಟ್ಟ ಜೀನುಗಳು ಜೋಡಿಯಾಗಿ ಹೊರಬರ್ತವೆ. (ಸೋದರಮಾವನ ಮಗಳನ್ನೇ ತಂದುಕೊಳ್ಳೋ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?) ಹೊಸ ರೋಗ ಬಂದ್ರೆ, ನದಿ ನೀರು ಬಿಸಿಯಾದ್ರೆ ತಡೆದುಕೊಳ್ಳೋ ಒಂದಿಷ್ಟು ಮೀನಾದ್ರೂ ಗುಂಪಲ್ಲಿ ಇರಬೇಕಾದ್ರೆ ಜೀನುಗಳಲ್ಲಿ ವೈವಿಧ್ಯ ಬೇಕು. ಅದು ಬಕೆಟ್ಟಲ್ಲಿ ಬರಲ್ಲ. ಮೋಯಾರ್‌ನಂಥ ಕೆಲವೇ ಜಾಗಗಳಲ್ಲಿ ಉಳಿದಿರೋ ಮೀನುಗಳ ಮೈಯಲ್ಲಿದೆ. ಆ ನೀರನ್ನು ಕಾಯೋ ಕೆಲಸಕ್ಕೆ ರಿಬ್ಬನ್ ಇಲ್ಲ, ಫೋಟೋ ಇಲ್ಲ. ಹಾಗಾಗಿ ಅದು ಯಾರಿಗೂ ಬೇಡ.

1970ರಲ್ಲಿ ಗೊತ್ತಿರಲಿಲ್ಲ, ಒಪ್ಪೋಣ. ಈಗ ಗೊತ್ತಿದ್ದೂ ಅದೇ ಮಾಡಿದ್ರೆ ಏನನ್ನೋಣ? ನಿಮ್ಮೂರ ಹೊಳೆಗೆ ಮರಿ ಬಿಡೋ ಕಾರ್ಯಕ್ರಮದ ಬಗ್ಗೆ ಬ್ಲಾಗಲ್ಲಿ ಬರೆಯೋ ಮುಂಚೆ ದಯವಿಟ್ಟು ಕೇಳಿ: ಯಾವ ಜಾತಿ, ತಾಯಿಮೀನು ಯಾವ ಹೊಳೆಯದು, ಎಷ್ಟು ಜೊತೆಯಿಂದ ಮಾಡಿದ ಮರಿ? ಗೊತ್ತಿಲ್ಲ ಅಂದ್ರೆ ಬಕೆಟ್ ಬಂದ ವ್ಯಾನಿಗೇ ವಾಪಸ್ ಹತ್ತಲಿ.