ಆಫ್ರಿಕಾದ ಫಿಂಚ್, ಬಾಲ್ಕನಿಯ ಗೂಡು: ಕಾನೂನಿನ ಜಾಲರಿಗೆ ಸಿಗದ ಪುಟ್ಟ ಹಕ್ಕಿಗಳ ಲೆಕ್ಕ ಇಡುವವರು ಯಾರು?

ವಿದೇಶಿ ಪ್ರಾಣಿ-ಪಕ್ಷಿಗಳನ್ನು ಮನೆಯಲ್ಲಿ ಸಾಕುವವರು ಅವುಗಳನ್ನು ನೋಂದಾಯಿಸಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2024ರ ಫೆಬ್ರವರಿ 28ರಂದು ಪ್ರಕಟಿಸಿತು. ಅದಕ್ಕಾಗಿ 'ಪರಿವೇಶ್ 2.0' ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಆರು ತಿಂಗಳ ಕಾಲಾವಕಾಶವನ್ನೂ ನೀಡಿತ್ತು. ಗಿಳಿ, ಇಗ್ವಾನಾ, ಆಮೆ ಸಾಕಿದವರು ಕಾಗದಪತ್ರ ಹುಡುಕಲು ಓಡಾಡಿದರು. ಆದರೆ ಬಾಲ್ಕನಿಯಲ್ಲೋ ತಾರಸಿಯಲ್ಲೋ ಜಾಲರಿ ಗೂಡು ಕಟ್ಟಿ ಆಫ್ರಿಕಾದ ಫಿಂಚ್ ಸಾಕುವವರಿಗೆ ಈ ಗಡಿಬಿಡಿ ಬಹುಮಟ್ಟಿಗೆ ತಟ್ಟಲೇ ಇಲ್ಲ. ಕಾರಣ, ಆ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ನಿಯಮದ ವ್ಯಾಪ್ತಿಯಲ್ಲೇ ಇಲ್ಲ.

ಮೇಲ್ನೋಟಕ್ಕೆ ಇದು ಸಾಕುವವರಿಗೆ ಸಿಕ್ಕ ವಿನಾಯಿತಿ. ಆದರೆ ಅಂಗಡಿಯಲ್ಲಿ ಕೊಂಡ ಹಕ್ಕಿ ಯಾರದೋ ಮನೆಯ ಗೂಡಿನಲ್ಲಿ ಹುಟ್ಟಿದ್ದೋ, ಆಫ್ರಿಕಾದ ಹುಲ್ಲುಗಾವಲಿನಲ್ಲಿ ಬಲೆಗೆ ಬಿದ್ದದ್ದೋ ಎಂದು ತಿಳಿಯುವ ದಾರಿಯೂ ಇದರಿಂದಲೇ ಮುಚ್ಚಿಹೋಗಿದೆ.

ನಿಯಮದ ಕಿಂಡಿ ಎಲ್ಲಿದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ 'ಸೈಟೀಸ್' ಒಪ್ಪಂದದ ಪಟ್ಟಿಯನ್ನು ಕಾಯ್ದೆಯ ನಾಲ್ಕನೇ ಅನುಸೂಚಿಯಾಗಿ ಸೇರಿಸಿದ್ದು ಈ ತಿದ್ದುಪಡಿಯೇ. ಆ ಪಟ್ಟಿಯಲ್ಲಿರುವ ಜೀವಿ ಮನೆಯಲ್ಲಿದ್ದರೆ ನೋಂದಣಿ ಕಡ್ಡಾಯ. ಅದು ಮರಿ ಹಾಕಿದರೂ, ಕೈ ಬದಲಾದರೂ ವರದಿ ಮಾಡಬೇಕು. ಪಟ್ಟಿಯ ಅತಿ ಕಟ್ಟುನಿಟ್ಟಿನ ಮೊದಲ ಭಾಗದಲ್ಲಿರುವ ಜೀವಿಗಳ ಮರಿ ಮಾಡಿಸಲು ಪ್ರತ್ಯೇಕ ಪರವಾನಗಿಯೇ ಬೇಕು. 2016ರ ಜೋಹಾನ್ಸ್‌ಬರ್ಗ್ ಸಮಾವೇಶದಲ್ಲಿ ಆ ಭಾಗಕ್ಕೆ ಸೇರಿದ ಆಫ್ರಿಕಾದ ಬೂದು ಗಿಳಿ ಇದಕ್ಕೆ ಉದಾಹರಣೆ.

ಕೆಂಪು ಕೆನ್ನೆಯ ಕೋರ್ಡನ್ ಬ್ಲೂ, ಕಿತ್ತಳೆ ಕೆನ್ನೆಯ ವ್ಯಾಕ್ಸ್‌ಬಿಲ್, ಕೆಂಪು ಕೊಕ್ಕಿನ ಫೈರ್‌ಫಿಂಚ್, ಕುತ್ತಿಗೆಯಲ್ಲಿ ಕೆಂಪು ಪಟ್ಟಿ ಇರುವ ಕಟ್‌ಥ್ರೋಟ್ ಫಿಂಚ್‌ಗಳ ಕಥೆ ಬೇರೆ. ಘಾನಾ ದೇಶದ ಕೋರಿಕೆಯ ಮೇರೆಗೆ ಇಂಥ ಹಲವು ಹಕ್ಕಿಗಳು ಸೈಟೀಸ್‌ನ ಮೂರನೇ ಪಟ್ಟಿಯಲ್ಲಿದ್ದವು. 2007ರಲ್ಲಿ ಅಲ್ಲಿಂದಲೂ ಹೊರಬಂದವು. ಹೀಗಾಗಿ ಇಂಡೊನೇಷ್ಯಾ ಮೂಲದ ಜಾವಾ ಸ್ಪ್ಯಾರೊ ಸಾಕಿದವರು ನೋಂದಣಿ ಮಾಡಿಸಬೇಕು. ಪಕ್ಕದ ಗೂಡಿನ ಕೋರ್ಡನ್ ಬ್ಲೂಗೆ ಯಾವ ಕಾಗದವೂ ಬೇಡ.

ಮರಿ ಮಾಡಿಸುವುದು ಸುಲಭವಲ್ಲ

'ಇವೆಲ್ಲ ಇಲ್ಲೇ ಮನೆಯಲ್ಲಿ ಮರಿ ಮಾಡಿದವು' ಎಂಬ ಮಾತನ್ನು ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ನಮ್ಮ ಹಕ್ಕಿ ಅಂಗಡಿಗಳಲ್ಲಿ ಫಿಂಚ್ ಎಂದರೆ ಸಾಮಾನ್ಯವಾಗಿ ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್ ಇಲ್ಲವೇ ಬೆಂಗಾಲೀಸ್ ಫಿಂಚ್. ಇವು ಎಷ್ಟೋ ತಲೆಮಾರುಗಳಿಂದ ಪಂಜರಕ್ಕೆ ಒಗ್ಗಿದ ಹಕ್ಕಿಗಳು. ಒಂದು ಮಡಕೆ, ಒಂದು ಹಿಡಿ ತೆಂಗಿನ ನಾರು, ನವಣೆ ಕಾಳು ಇದ್ದರೆ ಸಂಸಾರ ಹೂಡುತ್ತವೆ.

ಆಫ್ರಿಕಾದ ಸಣ್ಣ ಫಿಂಚ್‌ಗಳು ಹಾಗಲ್ಲ. ವರ್ಷವಿಡೀ ಹುಲ್ಲಿನ ಬೀಜ ತಿಂದು ಬದುಕುವ ಈ ಹಕ್ಕಿಗಳು ಮರಿಗಳಿಗೆ ಮಾತ್ರ ಹುಳು ತಿನ್ನಿಸುತ್ತವೆ. ಕಾಡಿನಲ್ಲಾದರೆ ಗೆದ್ದಲು ಧಾರಾಳ. ಗೂಡಿನಲ್ಲಿ ಜೀವಂತ ಹುಳು ಸಾಕಷ್ಟು ಸಿಗದಿದ್ದರೆ ತಂದೆತಾಯಿ ಮರಿಗಳನ್ನೇ ಹೊರಗೆ ಎಸೆಯುವುದುಂಟು. ಮೊಟ್ಟೆ ಒಡೆದು ಮರಿ ಬರಲು ಸುಮಾರು 12ರಿಂದ 13 ದಿನ, ಮರಿ ಗೂಡು ಬಿಡಲು ಮತ್ತೆ ಸುಮಾರು ಮೂರು ವಾರ. ಅಷ್ಟೂ ದಿನ ಮುಂಬೈ, ಪುಣೆಯ ಫ್ಲ್ಯಾಟಿನಲ್ಲಿ ಹಣ್ಣಿನ ನೊಣ, ಹಿಟ್ಟಿನ ಹುಳು ಬೆಳೆಸುತ್ತಾ ದಿನಕ್ಕೆ ನಾಲ್ಕಾರು ಬಾರಿ ಇಡಬೇಕು. ಇದಕ್ಕೆ ಮನೆಯವರ ತಾಳ್ಮೆಯೂ ಬೇಕು, ಪಕ್ಕದ ಮನೆಯವರದ್ದೂ ಬೇಕು.

ಜೋಡಿ ಗುರುತಿಸುವುದೂ ಕಷ್ಟ. ಕೋರ್ಡನ್ ಬ್ಲೂನಲ್ಲಿ ಗಂಡಿಗೆ ಮಾತ್ರ ಕೆಂಪು ಕೆನ್ನೆ ಇರುವುದರಿಂದ ಗೊಂದಲವಿಲ್ಲ. ಕಿತ್ತಳೆ ಕೆನ್ನೆಯ ವ್ಯಾಕ್ಸ್‌ಬಿಲ್‌ನಲ್ಲಿ ಗಂಡು-ಹೆಣ್ಣು ನೋಡಲು ಒಂದೇ ತರಹ. ಹಾಡುವ ಹಕ್ಕಿಯನ್ನು ಗಮನಿಸಿ ಊಹಿಸಬೇಕು. ಮಳೆಗಾಲದ ತೇವ ಮತ್ತು ದೆಹಲಿಯ ಜನವರಿ ಚಳಿ, ಎರಡೂ ಇವಕ್ಕೆ ಆಗಿಬರುವುದಿಲ್ಲ.

ಅಡ್ಡದಾರಿಯೊಂದಿದೆ. ಮೊಟ್ಟೆಗಳನ್ನು ಬೆಂಗಾಲೀಸ್ ಫಿಂಚ್‌ನ ಗೂಡಿಗೆ ಹಾಕಿ ಅದನ್ನೇ ಸಾಕುತಾಯಿ ಮಾಡುವುದು. ಇದರಿಂದ ಮರಿಗಳ ಸಂಖ್ಯೆ ಹೆಚ್ಚಬಹುದು. ಆದರೆ ಹೀಗೆ ಬೆಳೆದ ಹಕ್ಕಿ ತನ್ನ ಜಾತಿಯನ್ನು ಬಿಟ್ಟು ಸಾಕಿದ ಜಾತಿಯಲ್ಲೇ ಸಂಗಾತಿಯನ್ನು ಹುಡುಕಬಹುದು. ಜರ್ಮನಿಯ ವಿಜ್ಞಾನಿ ಕ್ಲೌಸ್ ಇಮ್ಮೆಲ್ಮನ್ ಜೀಬ್ರಾ ಫಿಂಚ್‌ಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ತೋರಿಸಿವೆ. ಇಂದು ಮರಿ ಹೆಚ್ಚಾದರೂ ಮುಂದಿನ ಪೀಳಿಗೆ ನಿಲ್ಲುವ ಖಾತರಿ ಇಲ್ಲ.

ಇಷ್ಟು ಕಷ್ಟದ ಹಕ್ಕಿ ಅಂಗಡಿಯಲ್ಲಿ ಡಜನ್‌ಗಟ್ಟಲೆ, ಅದೂ ಅಗ್ಗಕ್ಕೆ ಸಿಗುತ್ತಿದ್ದರೆ ಎಲ್ಲಿಂದ ಬಂತು ಎಂದು ಕೇಳುವುದು ಕೊಳ್ಳುವವರ ಕರ್ತವ್ಯ.

ಯುರೋಪ್ ಕಲಿತ ಪಾಠ

ದಶಕಗಳ ಕಾಲ ಪಶ್ಚಿಮ ಆಫ್ರಿಕಾದ ಸಣ್ಣ ಹಕ್ಕಿಗಳು ಕಾಡಿನಿಂದ ನೇರವಾಗಿ ಯುರೋಪಿನ ಪಂಜರಗಳಿಗೆ ಹೋಗುತ್ತಿದ್ದವು. ಬೆಲೆ ಕಡಿಮೆ ಇದ್ದುದರಿಂದ ಮರಿ ಮಾಡಿಸುವ ಗೋಜಿಗೆ ಹೋದವರು ಕಡಿಮೆ. ಸತ್ತರೆ ಇನ್ನೊಂದು ಜೋಡಿ ಕೊಂಡರಾಯಿತು ಎಂಬ ಧೋರಣೆ. ಹಕ್ಕಿಜ್ವರದ ಭೀತಿಯಿಂದ ಐರೋಪ್ಯ ಒಕ್ಕೂಟ 2005ರಲ್ಲಿ ಕಾಡುಹಕ್ಕಿಗಳ ಆಮದನ್ನು ತಾತ್ಕಾಲಿಕವಾಗಿ ತಡೆಯಿತು, 2007ರಲ್ಲಿ ಕಾಯಂ ಮಾಡಿತು. ಸೈಟೀಸ್ ಪಟ್ಟಿಯ ಕಾಡುಹಕ್ಕಿಗಳ ಜಾಗತಿಕ ವ್ಯಾಪಾರ ವರ್ಷಕ್ಕೆ ಸುಮಾರು 13 ಲಕ್ಷದಿಂದ 1.3 ಲಕ್ಷಕ್ಕೆ ಕುಸಿಯಿತು. ಅಗ್ಗದ ಹಕ್ಕಿ ನಿಂತ ಮೇಲೆ ಹವ್ಯಾಸಿಗಳಿಗೆ ಉಳಿದದ್ದು ತಮ್ಮ ಗೂಡಿನಲ್ಲಿರುವ ಹಕ್ಕಿಗಳಿಂದಲೇ ಮುಂದಿನ ಪೀಳಿಗೆ ಬೆಳೆಸುವ ದಾರಿ ಮಾತ್ರ.

ಬಂಧನದಿಂದ ತಪ್ಪಿಸಿಕೊಂಡ ಹಕ್ಕಿಗಳದ್ದೂ ಒಂದು ಲೆಕ್ಕವಿದೆ. ಆಫ್ರಿಕಾದ ಸಾಮಾನ್ಯ ವ್ಯಾಕ್ಸ್‌ಬಿಲ್ ಇಂದು ಪೋರ್ಚುಗಲ್ ಮತ್ತು ಬ್ರೆಜಿಲ್‌ನ ಬಯಲುಗಳಲ್ಲಿ ಸ್ವತಂತ್ರವಾಗಿ ಸಂಸಾರ ಮಾಡುತ್ತಿದೆ. ಹುಲ್ಲು, ಕಾಳಿನ ಬೆಳೆ ಹೇರಳವಾಗಿರುವ ಭಾರತದಲ್ಲಿ ಹಾಗಾಗುವುದಿಲ್ಲ ಎಂದು ಹೇಳಲಾಗದು.

ಭಾರತದ್ದೇ ಹಳೆಯ ಕಥೆ

ಈ ವ್ಯಾಪಾರದಲ್ಲಿ ಭಾರತ ಮೊದಲು ಮಾರುವ ದೇಶವಾಗಿತ್ತು. ನಮ್ಮ ಕೆಂಪು ರಾಟವಾಳಕ್ಕೆ ಇಂಗ್ಲಿಷಿನಲ್ಲಿ ಬಂದ 'ಅವಡವಟ್' ಎಂಬ ಹೆಸರು ಅಹಮದಾಬಾದಿನ ಅಪಭ್ರಂಶ. ಒಂದು ಕಾಲಕ್ಕೆ ಅಲ್ಲಿಂದ ಯುರೋಪಿಗೆ ಹೋಗುತ್ತಿದ್ದ ಹಕ್ಕಿಗಳು ಊರಿನ ಹೆಸರನ್ನೂ ಹೊತ್ತೊಯ್ದವು. 1990ರ ದಶಕದ ಆರಂಭದಲ್ಲಿ ದೇಶಿ ಕಾಡುಹಕ್ಕಿಗಳ ವ್ಯಾಪಾರ ನಿಷೇಧವಾಯಿತು. ನಿಷೇಧ ಅಗತ್ಯವಿತ್ತು, ಆದರೆ ಹಕ್ಕಿ ಸಾಕುವ ಆಸೆ ಅದರೊಂದಿಗೆ ನಿಲ್ಲಲಿಲ್ಲ. ಒಂದೆಡೆ ರಾಟವಾಳಗಳಿಗೆ ಬಣ್ಣ ಬಳಿದು ಕದ್ದು ಮಾರುವುದು ನಡೆಯಿತು. ಇನ್ನೊಂದೆಡೆ ವಿದೇಶಿ ಹಕ್ಕಿಗಳ ಬೇಡಿಕೆ ಬೆಳೆಯಿತು. ಒಂದು ಗೂಡಿನ ಹೊರೆ ಇನ್ನೊಂದು ಖಂಡದ ಗೂಡಿನ ಮೇಲೆ ಬಿತ್ತು.

ಏನು ಮಾಡಬಹುದು?

ಹಕ್ಕಿಯನ್ನು ಪಂಜರದಲ್ಲಿ ಇಡಲೇಬಾರದು ಎನ್ನುವವರಿದ್ದಾರೆ. ಆ ವಾದಕ್ಕೆ ತೂಕವಿದೆ. ಆದರೆ ಈಗಾಗಲೇ ಪಂಜರದಲ್ಲಿ ಹುಟ್ಟಿದ ಈ ಪರದೇಶದ ಹಕ್ಕಿಗಳನ್ನು ಹೊರಗೆ ಬಿಟ್ಟರೆ ಅವು ಸಾಯುತ್ತವೆ, ಇಲ್ಲವೇ ಇಲ್ಲಿ ನೆಲೆಯೂರುತ್ತವೆ. ಇನ್ನೊಂದೆಡೆ, ವರ್ಷಕ್ಕೆ ಎರಡು ಮೂರು ಬಾರಿ ಮರಿ ಮಾಡುವ, ಕೆಲವೇ ವರ್ಷ ಬದುಕುವ ಹಕ್ಕಿಗೆ ಗಿಳಿಯಷ್ಟೇ ಕಾಗದಪತ್ರ ಕೇಳಿದರೆ ಪ್ರಾಮಾಣಿಕ ಹವ್ಯಾಸಿಯೇ ಬೇಸತ್ತು ಹಿಂದೆ ಸರಿಯುತ್ತಾನೆ ಎಂಬ ಸಾಕುವವರ ಆತಂಕವೂ ಸುಳ್ಳಲ್ಲ.

ನಡುದಾರಿ ಕಷ್ಟದ್ದೇನೂ ಅಲ್ಲ. ಮರಿ ಹುಟ್ಟಿದ ಮೊದಲ ಎರಡು ವಾರದೊಳಗೆ ಕಾಲಿಗೆ ತೊಡಿಸುವ ಬೆಸುಗೆ ಇಲ್ಲದ ಉಂಗುರ ದೊಡ್ಡ ಹಕ್ಕಿಯ ಕಾಲಿಗೆ ಏರುವುದಿಲ್ಲ. ಸರಿಯಾದ ಅಳತೆಯ ಉಂಗುರವಿದ್ದರೆ ಹಕ್ಕಿ ಮನುಷ್ಯರ ಆರೈಕೆಯಲ್ಲೇ ಹುಟ್ಟಿತು ಎನ್ನಲು ಅದು ದೊಡ್ಡ ಆಧಾರ. ಉಂಗುರದ ಸಂಖ್ಯೆ, ಹುಟ್ಟಿದ ದಿನ, ತಂದೆತಾಯಿ, ಕೊಂಡವರ ಹೆಸರು ಇಷ್ಟನ್ನು ಬರೆದಿಡುವ ಒಂದು ಪುಸ್ತಕ ಪ್ರತಿ ಸಾಕುವವರ ಬಳಿ ಇದ್ದರೆ ಸಾಕು. ಒಂದೇ ರಕ್ತದ ಹಕ್ಕಿಗಳನ್ನು ಮತ್ತೆ ಮತ್ತೆ ಜೋಡಿ ಮಾಡಿ ತಳಿ ಸೊರಗುವುದನ್ನೂ ಅದೇ ಪುಸ್ತಕ ತಪ್ಪಿಸುತ್ತದೆ. ಅಂಗಡಿಗಳಿಗಂತೂ ಹೊಸ ಕಾನೂನೇ ಬೇಕಿಲ್ಲ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯನ್ನೂ ದಾಖಲೆ ಇಡುವುದನ್ನೂ ಕಡ್ಡಾಯ ಮಾಡಿವೆ. ಅವನ್ನು ಜಾರಿ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಕೊಳ್ಳುವವರ ಕೈಯಲ್ಲಿದೆ. ಉಂಗುರ ಇದೆಯೇ, ತಂದೆತಾಯಿ ಹಕ್ಕಿಗಳನ್ನು ತೋರಿಸುತ್ತೀರಾ, ಮರಿಗಳಿಗೆ ಏನು ತಿನ್ನಿಸುತ್ತೀರಿ? ನಿಜವಾಗಿ ಮರಿ ಮಾಡಿಸಿದವರು ಮೂರನೇ ಪ್ರಶ್ನೆಗೆ ಅರ್ಧ ಗಂಟೆ ಮಾತಾಡುತ್ತಾರೆ. ಉತ್ತರ ತಡವರಿಸಿದರೆ ಆ ಜೋಡಿಯನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಇಂದು ಒಂದು ಖಾಲಿಯಾದ ಪಂಜರವನ್ನು ತುಂಬಲು ನಾಳೆ ಇನ್ನೊಂದು ಬಲೆ ಹಾಸುತ್ತಾರೆ.