ಕಂದಾಯದಲ್ಲಿ ಕಕ್ಕಬೆಗೊಂದು ಪಾಲು

ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಕ್ಕಬೆಗೆ ಸಮೀಪದ ಯವಕಪಾಡಿಯಲ್ಲಿ ನಾಲ್ಕುನಾಡು ಅರಮನೆ ಇದೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792–94ರಲ್ಲಿ ಕಟ್ಟಿಸಿದ ಎರಡಂತಸ್ತಿನ ಕಟ್ಟಡ. ಅಂಗಳದಲ್ಲೊಂದು ಪುಟ್ಟ ಮಂಟಪ, ಒಳಗೋಡೆಗಳ ಮೇಲೆ ವರ್ಣಚಿತ್ರಗಳು. ಮಳೆಗಾಲದ ತಿಂಗಳುಗಟ್ಟಲೆ ಶೀತದಲ್ಲೂ ಆ ಬಣ್ಣ ಉಳಿಯಬೇಕಾದರೆ ಹೆಂಚು ವರ್ಷ ವರ್ಷ ಭದ್ರವಾಗಿರಬೇಕು.

ಊರಿನ ಆಸ್ತಿ ಅಷ್ಟೇ ಅಲ್ಲ. ಕೊಡಗಿನ ಅತಿ ಎತ್ತರದ, 1,748 ಮೀಟರಿನ ತಡಿಯಂಡಮೋಳ್ ಬೆಟ್ಟ ಇಲ್ಲಿದೆ. ಪಾಡಿ ಇಗ್ಗುತಪ್ಪನ ಸನ್ನಿಧಿ ಇದೆ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಡಿನಾಲ್ಕುನಾಡು ಮೀಸಲು ಅರಣ್ಯ ಇದೆ. ಇವನ್ನು ನೋಡಲೆಂದೇ ಜನ ಬರುತ್ತಾರೆ, ಹೋಂಸ್ಟೇಗಳು ಏಳುತ್ತವೆ. ಬಂದವರ ಕಸ, ವಾಹನಗಳ ಭಾರ ಹೊರುವುದು ಮಾತ್ರ ಗ್ರಾಮ ಪಂಚಾಯಿತಿ.

ಇಂಥ ಆಸ್ತಿ ಕಾಯಲು ಊರೇ ಹಣ ಹೊಂದಿಸುವ ದಾರಿಯೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2000ದಲ್ಲಿ ಸಮುದಾಯ ಸಂರಕ್ಷಣಾ ಕಾಯ್ದೆ ತಂದಿತು. ಊರಿನವರು ಮತ ಹಾಕಿ ಒಪ್ಪಿದರೆ ಆಸ್ತಿ ತೆರಿಗೆಯ ಮೇಲೆ ಗರಿಷ್ಠ ಶೇ 3ರಷ್ಟು ಅಧಿಭಾರ ಹಾಕಬಹುದು. ಭೂದಾಖಲೆ ನೋಂದಣಿ ಶುಲ್ಕದಿಂದ ಬಂದ ಹಣದಲ್ಲಿ ರಾಜ್ಯವೂ ತನ್ನ ಪಾಲು ಸೇರಿಸುತ್ತದೆ. ತೆರೆದ ಪ್ರದೇಶ, ಇತಿಹಾಸದ ಕುರುಹು, ಕೈಗೆಟಕುವ ವಸತಿ ಈ ಮೂರಕ್ಕೂ ತಲಾ ಶೇ 10ರಷ್ಟಾದರೂ ಮೀಸಲಿಡಲೇಬೇಕು.

ಒಂದೇ ಉದ್ದೇಶಕ್ಕೆ ಮೀಸಲಾದ ಇಂಥ ಅಧಿಭಾರ ನಮಗೆ ಹೊಸದೇನಲ್ಲ. ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ. 1965ರ ಕಾಯ್ದೆಯ ಬಲದಿಂದ ಬಂದದ್ದು; ರೂಪಾಯಿಗೆ 6 ಪೈಸೆ. ಆ ಪುಡಿಗಾಸೇ ನಾಡಿನ ಸಾರ್ವಜನಿಕ ಗ್ರಂಥಾಲಯಗಳಿಗೆ ಆಸರೆ. ಆದರೆ ಬೆಂಗಳೂರು ಮಹಾನಗರ ಪಾಲಿಕೆ ವಸೂಲಿ ಮಾಡಿದ ಕರವನ್ನು ಗ್ರಂಥಾಲಯ ಇಲಾಖೆಗೆ ಪೂರ್ತಿ ಕೊಡದೆ ಬಾಕಿ ಉಳಿಸಿಕೊಂಡದ್ದನ್ನೂ ಮರೆಯಬಾರದು. ಪ್ರತ್ಯೇಕ ಖಾತೆಯಿಲ್ಲದ ಕರ ಬೇರೆ ಖರ್ಚಿನಲ್ಲಿ ಕರಗಿಹೋಗುತ್ತದೆ.

ಹೊರೆ ಯಾರ ಮೇಲೆ?

ಕಕ್ಕಬೆಯಲ್ಲೂ ಇಂಥ ಅಧಿಭಾರ ಬರಲಿ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಪಂಚಾಯಿತಿಯ ಆಸ್ತಿ ತೆರಿಗೆ ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ ಮಾತ್ರ. ಹಾಗಾಗಿ ಕಾಫಿ ತೋಟದ ರೈತ ಹೆದರಬೇಕಿಲ್ಲ. ವಾಸದ ಮನೆಗಳನ್ನೂ ಬಿಟ್ಟು ರೆಸಾರ್ಟ್, ಹೋಂಸ್ಟೇಗಳಿಗಷ್ಟೇ ಅಧಿಭಾರ ಹಾಕುವುದು ನ್ಯಾಯ. ವರ್ಷಕ್ಕೆ 10,000 ರೂಪಾಯಿ ತೆರಿಗೆ ಕಟ್ಟುವ ಕಟ್ಟಡಕ್ಕೆ ಶೇ 3 ಎಂದರೆ 300 ರೂಪಾಯಿ. ಇದರಿಂದ ಅರಮನೆಯ ದುರಸ್ತಿ ಆಗದು. ಅದು ಸರ್ಕಾರದ ಹೊಣೆ. ಆದರೆ ದೇವರಕಾಡಿನ ಗಡಿಗೆ ಬೇಲಿ, ಬೆಟ್ಟದ ದಾರಿಯ ಕಸ ವಿಲೇವಾರಿ, ಊರವರು ಸೇರುವ ಹಳೆಯ ಅಂಬಲದ ಹೆಂಚು ಇವಕ್ಕೆ ಆಗುತ್ತದೆ. ಸರ್ಕಾರ ಸಮಪಾಲು ಕೊಟ್ಟರೆ ತೋಟದ ಲೈನ್‌ಮನೆಗಳಲ್ಲೇ ಬಾಳು ಸವೆಸುತ್ತಿರುವ ಕಾರ್ಮಿಕರ ಸೂರಿಗೂ ಒಂದು ಪಾಲು ಸಿಕ್ಕೀತು.

ತಡ ಮಾಡುವಂತಿಲ್ಲ. 1905ರಲ್ಲಿ ಕೊಡಗಿನ ದೇವರಕಾಡುಗಳ ವಿಸ್ತೀರ್ಣ ಆರು ಸಾವಿರ ಹೆಕ್ಟೇರ್‌ಗೂ ಹೆಚ್ಚಿತ್ತು. 1985ರ ಹೊತ್ತಿಗೆ ಸುಮಾರು 2,550ಕ್ಕೆ ಇಳಿದಿತ್ತು.

ವಿಧಾನಮಂಡಲ ಗ್ರಂಥಾಲಯ ಕರದಂತೆಯೇ ಈ ಅಧಿಭಾರಕ್ಕೂ ಕಾನೂನು ಮಾಡಲಿ. ಕರ ಬೇಕೋ ಬೇಡವೋ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಬಂದ ಹಣದ ಲೆಕ್ಕವನ್ನು ಪ್ರತಿವರ್ಷ ಅದೇ ಸಭೆಯಲ್ಲಿ ಓದಿ ಹೇಳಲಿ.